ಅಪ್ಪನ ಕೇಸ್ ಶೀಟನ್ನು ಗಂಟೆ ಗಂಟೆಯಾಗಿ ಬಿಡಿಸಿ ಓದಿದೆ

ಪಿತ್ತಕೋಶದ ಕಲ್ಲಿಗೆ ಅಪ್ಪನಿಗೆ ಲ್ಯಾಪರೊಸ್ಕೋಪಿ (ಸಣ್ಣ ತೂತುಗಳ ಮೂಲಕ ಮಾಡುವ) ಆಪರೇಷನ್ ಆಯಿತು. ಮಾರನೇ ದಿನ ಮನೆಗೆ ಬಂದರು. ಮೂರನೇ ದಿನ ಹೊಟ್ಟೆ ಉಬ್ಬಿತು, ಬಲ ಭುಜ ನೋಯತೊಡಗಿತು. ಆಸ್ಪತ್ರೆಗೆ ಫೋನ್ ಮಾಡಿದರೆ "ಗ್ಯಾಸ್ ನೋವು, ಸುಮ್ನೆ ಹೆದರಬೇಡಿ" ಅಂದರು. ನಾಲ್ಕನೇ ದಿನ ಸಂಜೆ ಜ್ವರ. ಮತ್ತೆ ಅಡ್ಮಿಟ್. ಹೊಟ್ಟೆಯೊಳಗೆ ಪಿತ್ತರಸ ಸೋರಿ ನಿಂತಿತ್ತು.

ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಡಾಕ್ಟರ್ ಏನೋ ಎಡವಟ್ಟು ಮಾಡಿದ್ದಾರೆ. ನಾನೂ ಹಾಗೇ ನಂಬಿದ್ದೆ. ಅಪ್ಪ ಚೇತರಿಸಿಕೊಂಡ ಮೇಲೆ ಸಿಟ್ಟು ಬದಿಗಿಟ್ಟು (ಪೂರ್ತಿ ಇಟ್ಟೆ ಅಂದರೆ ಸುಳ್ಳಾಗುತ್ತದೆ) ದಾಖಲೆಗಳ ಪ್ರತಿ ಕೇಳಿ ಪತ್ರ ಕೊಟ್ಟೆ. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು, ಅದು ಎಲ್ಲ ಮುಗಿದ ಮೇಲೆ ಕೂತು ಬರೆದದ್ದು. ಆಪರೇಷನ್ ನೋಟ್, ನರ್ಸ್‌ಗಳ ಚಾರ್ಟ್, ಔಷಧದ ಚಾರ್ಟ್, ಲ್ಯಾಬ್ ವರದಿ, ಒಪ್ಪಿಗೆ ಪತ್ರ ಎಲ್ಲವೂ ಬೇಕು.

ಒಪ್ಪಿಗೆ ಪತ್ರದಲ್ಲಿ ಪಿತ್ತರಸ ಸೋರಬಹುದು ಅಂತ ಬರೆದಿತ್ತು. ಅದರ ಕೆಳಗೆ ಅಪ್ಪನ ಸಹಿ. ತಮ್ಮ "ಮುಗೀತು ಬಿಡು" ಅಂದ. ಹಾಗೇನಿಲ್ಲ. ಅಪಾಯ ಗೊತ್ತಿದ್ದು ಒಪ್ಪಿದರು ಅಂತ ಆ ಸಹಿ ಹೇಳುತ್ತದೆ. ಸೋರಿದ ಮೇಲೆ ಹೇಗೆ ನೋಡಿಕೊಂಡರೂ ಸರಿ ಅಂತ ಹೇಳುವುದಿಲ್ಲ.

ಆಪರೇಷನ್ ನೋಟ್ ಓದಿದಾಗ ನನ್ನ ನಂಬಿಕೆ ಅಲ್ಲಾಡಿತು. ಪಿತ್ತಕೋಶಕ್ಕೆ ಹೋಗುವ ನಾಳ, ರಕ್ತನಾಳ ಇವೆರಡನ್ನೇ ಸ್ಪಷ್ಟವಾಗಿ ಬಿಡಿಸಿ ನೋಡಿದ ಮೇಲೆ ಕತ್ತರಿಸಬೇಕು. 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಇದಕ್ಕೆ 'ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ' ಅಂತ ಹೆಸರಿಟ್ಟರು. ನೋಟ್‌ನಲ್ಲಿ ಅದೆಲ್ಲ ಬರೆದಿತ್ತು. ಆಮೇಲೆ ಮಾಡಿದ ಇಆರ್‌ಸಿಪಿಯಲ್ಲೂ (ಬಾಯಿಯ ಮೂಲಕ ಕೊಳವೆ ಇಳಿಸಿ ಪಿತ್ತನಾಳ ನೋಡುವ ವಿಧಾನ) ಮುಖ್ಯ ಪಿತ್ತನಾಳಕ್ಕೆ ಗಾಯವಿರಲಿಲ್ಲ. ಕತ್ತರಿಸಿದ ನಾಳವನ್ನು ಮುಚ್ಚಲು ಕ್ಲಿಪ್ ಹಾಕಿದ ತುದಿಯಲ್ಲಿ ಸೋರಿತ್ತು. ಊದಿಕೊಂಡ ನಾಳದಲ್ಲಿ ಕ್ಲಿಪ್ ಜಾರುವುದು ಪಳಗಿದ ಕೈಯಲ್ಲೂ ಆಗುತ್ತದೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆ, ಎಡಗಾಲಿನ ಬದಲು ಬಲಗಾಲು ಕೊಯ್ದರೆ ತಪ್ಪು ಎದುರಿಗೇ ಕಾಣುತ್ತದೆ, ಇಷ್ಟೆಲ್ಲ ಓದುವ ಕೆಲಸವೇ ಇರುವುದಿಲ್ಲ, ಅಲ್ವಾ?

ಆಮೇಲೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದೆ. ಎಷ್ಟು ಗಂಟೆ, ಏನು ಕಂಡಿತು, ಯಾರು ಏನು ಮಾಡಿದರು. ಮತ್ತೆ ಅಡ್ಮಿಟ್ ಆದ ರಾತ್ರಿ 9ಕ್ಕೆ ನಾಡಿ 104. 1 ಗಂಟೆಗೆ 118. 3ಕ್ಕೆ 126, ಜ್ವರ 102, ಪಕ್ಕದಲ್ಲಿ "ಡಾಕ್ಟರಿಗೆ ತಿಳಿಸಲಾಗಿದೆ". ಮೂರನೇ ಕಾಲಂನಲ್ಲಿ ಬೆಳಿಗ್ಗೆ 10ರವರೆಗೆ ಏನೂ ಇಲ್ಲ. ಪ್ಯಾರಾಸಿಟಮಾಲ್ ಒಂದು ಬಿಟ್ಟರೆ.

ಇನ್ನೊಂದು ಖಾಲಿ ಜಾಗ ಆ ಫೋನ್ ಕರೆಯದು. ಫೈಲಿನಲ್ಲಿ ಅದರ ಸುಳಿವೇ ಇಲ್ಲ. ಲ್ಯಾಪರೊಸ್ಕೋಪಿಗೆ ಹೊಟ್ಟೆಯೊಳಗೆ ಕಾರ್ಬನ್ ಡೈ ಆಕ್ಸೈಡ್ ತುಂಬುತ್ತಾರೆ, ಅದರಿಂದ ಭುಜ ನೋಯುವುದು ನಿಜ. ಆದರೆ ಆ ನೋವು ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಬಂದು ಆಮೇಲೆ ಇಳಿಯುತ್ತದೆ. ಅಪ್ಪನಿಗೆ ಅದು ಶುರುವಾಗಿದ್ದೇ ಮೂರನೇ ದಿನ, ಆಮೇಲೆ ಏರುತ್ತಲೇ ಹೋಯಿತು. ಯಾವಾಗಿಂದ ನೋವು ಅಂತ ಫೋನಿನಲ್ಲಿ ಯಾರೂ ಕೇಳಲಿಲ್ಲ.

ಆ ಹಾಳೆ, ಫೈಲು ಎರಡನ್ನೂ ಆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಸರ್ಜನ್‌ಗೆ ತೋರಿಸಿದೆ. "ಸೋರಿಕೆ ನನ್ನ ಕೈಯಲ್ಲೂ ಆಗಬಹುದಿತ್ತು. ಆದರೆ 3ರಿಂದ 10ರವರೆಗೆ ಯಾರೂ ಬಂದು ನೋಡದಿದ್ದದ್ದು ಸರಿ ಅಂತ ನಾನು ಹೇಳಲಾರೆ" ಅಂದರು. ಹಾಗಾದರೆ ಕೇಸ್ ಗೆಲ್ಲುತ್ತದಾ ಅಂತ ಕೇಳಿದೆ. ತಪ್ಪಾಯಿತು ಅನ್ನುವುದು ಒಂದು, ಆ ತಪ್ಪಿನಿಂದಲೇ ಹಾನಿಯಾಯಿತು ಅಂತ ತೋರಿಸುವುದು ಇನ್ನೊಂದು ಅಂದರು. ಸೋರಿದ್ದನ್ನು ಹೊರಹಾಕುವ ಕೊಳವೆ (ಡ್ರೈನ್), ಪಿತ್ತನಾಳದೊಳಗೆ ಇಡುವ ಸಣ್ಣ ಕೊಳವೆ (ಸ್ಟೆಂಟ್) ಹೇಗಿದ್ದರೂ ಬೇಕಾಗುತ್ತಿತ್ತು. ಐಸಿಯುನ ಎರಡು ದಿನ ಬಹುಶಃ ತಪ್ಪುತ್ತಿತ್ತು. ಆ "ಬಹುಶಃ" ಕೇಳಿ ನನಗೆ ಕೋಪ ಬಂತು. ಆದರೆ ಅವರು ಹೇಳಿದ್ದು ಸರಿಯೇ.

ಕೊನೆಗೆ ಆಪರೇಷನ್ ಬಗ್ಗೆ ಒಂದಕ್ಷರ ಬರೆಯದೆ, ಆ ಏಳು ಗಂಟೆಗಳ ತಡ ಮತ್ತು ಫೋನ್ ಕರೆ ಬಗ್ಗೆ ಮಾತ್ರ ಆಸ್ಪತ್ರೆಗೆ ದೂರು ಕೊಟ್ಟೆ. ರಾತ್ರಿ ತಡವಾದದ್ದನ್ನು ಎರಡು ಸಾಲಿನಲ್ಲಿ ಒಪ್ಪಿಕೊಂಡರು. ಫೋನ್ ಬಂದ ದಾಖಲೆ ಇಲ್ಲ ಅಂದರು. ನನ್ನ ಮೊಬೈಲಿನಲ್ಲಿ ಇದೆ. ಅದರ ಪ್ರತಿ ಇಟ್ಟು ಇನ್ನೊಂದು ಪತ್ರ ಕಳಿಸಿದ್ದೇನೆ.