ಎಂಜಿನ್ ಬದಲಿಸಿದ ವ್ಯಾನಿಗೆ ಅಗ್ಗದ ಸ್ಪೀಡ್ ಸೆನ್ಸರ್

ಬೇರೆ ಎಂಜಿನ್, ಗೇರ್‌ಬಾಕ್ಸ್ ಕೂರಿಸಿದ ಮೇಲೆ ನಮ್ಮ ಕ್ಯಾಂಪರ್ ವ್ಯಾನಿನ ಹಳೇ ಸ್ಪೀಡೋಮೀಟರ್ ಕೇಬಲ್ ಹೊಂದಲಿಲ್ಲ. ಪಲ್ಸ್ (ವಿದ್ಯುತ್ ಮಿಡಿತ) ಎಣಿಸುವ ಡಿಜಿಟಲ್ ಮೀಟರ್, ಮ್ಯಾಗ್ನೆಟ್ ಎದುರು ಹಾದುಹೋದಾಗಲೆಲ್ಲ ಪಲ್ಸ್ ಕೊಡುವ ಮೂರು ವೈರಿನ ಹಾಲ್ (Hall) ಸೆನ್ಸರ್ ಹಾಕಿದೆ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಇದೆಯಲ್ಲ, ಸೆನ್ಸರನ್ನು ಅದರ ಗೇರ್‌ಬಾಕ್ಸ್ ತುದಿಯ ಪಕ್ಕದಲ್ಲೇ ಕೂರಿಸಿ. ಹಿಂದಿನ ಆಕ್ಸಲ್ ಕಡೆ ಶಾಫ್ಟ್ ಮೇಲೆ ಕೆಳಗೆ ಆಡುತ್ತದೆ, ಅಂತರ ನಿಲ್ಲುವುದಿಲ್ಲ. ಒಂದೇ ತೂಕದ ಎರಡು ಮ್ಯಾಗ್ನೆಟ್ ತಗೊಳ್ಳಿ. ಆ ತುದಿಯ ಫ್ಲ್ಯಾಂಜನ್ನು (ಬೋಲ್ಟ್ ಹಾಕುವ ಬಿಲ್ಲೆ) ಉಜ್ಜಿ, ಎಣ್ಣೆ ಒರೆಸಿ, ಎದುರುಬದುರಾಗಿ ಎಪಾಕ್ಸಿಯಲ್ಲಿ ಅಂಟಿಸಿ. ಒಂದೇ ಅಂಟಿಸಿದರೆ ತೂಕ ತಪ್ಪಿ ಶಾಫ್ಟ್ ಅದುರಬಹುದು. ಅಂಟಿಸುವ ಮುಂಚೆ ಮ್ಯಾಗ್ನೆಟ್ಟಿನ ಯಾವ ಮುಖಕ್ಕೆ ಸೆನ್ಸರ್ ಸ್ಪಂದಿಸುತ್ತದೆ ನೋಡಿ. ಆ ಮುಖ ಹೊರಗಿರಲಿ. ಸೆನ್ಸರ್, ಮ್ಯಾಗ್ನೆಟ್ ನಡುವೆ 3-4 ಮಿಲಿಮೀಟರ್ ಜಾಗ ಸಾಕು.

ವೈರ್ ಸೈಲೆನ್ಸರಿನಿಂದ ದೂರವಿರಲಿ. ಆಗುಂಬೆ ಮಳೆಯಲ್ಲಿ ಓಡಾಡುವ ಗಾಡಿಗೆ ವೈರಿನ ಜಾಯಿಂಟ್ ಸೀಲ್ ಮಾಡಲೇಬೇಕು. ಕೊನೆಗೆ ಭದ್ರಾವತಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಿ. ಪಕ್ಕದಲ್ಲಿ ಕೂತವರು ಮೊಬೈಲ್ ಜಿಪಿಎಸ್ ನೋಡಲಿ. ಗಾಡಿ ನಿಲ್ಲಿಸಿ, ಆ ವೇಗಕ್ಕೆ ಹೊಂದುವಂತೆ ಮೀಟರಿನ ಪಲ್ಸ್ ಸಂಖ್ಯೆ ಸರಿಮಾಡಿ.