ಗಾಳದ ಸ್ವಿವೆಲ್ ಕಟ್ಟಿದ ಮೇಲೆ ಸರಿಹೋದ ಕಾರ್ಡ್ ನೇಯ್ಗೆ

ನಾಲ್ಕು ಮೂಲೆಗೂ ತೂತಿರುವ ಚೌಕ ಕಾರ್ಡುಗಳಲ್ಲಿ ಎಳೆ ಪೋಣಿಸಿ, ಕಾರ್ಡು ತಿರುಗಿಸುತ್ತಾ ಪಟ್ಟಿ ನೇಯುವುದು ಕಾರ್ಡ್ ನೇಯ್ಗೆ. ತಿರುಗಿಸಿದಂತೆಲ್ಲ ಕಾರ್ಡುಗಳ ಹಿಂದೆ ಎಳೆಗಳಲ್ಲಿ ಹುರಿ ಸೇರುತ್ತದೆ. ಅದನ್ನು ಗಾಳದ ಸ್ವಿವೆಲ್, ಅಂದರೆ ಗಾಳದ ದಾರ ಹುರಿಗಟ್ಟದಂತೆ ಕಟ್ಟುವ ತಿರುಗುವ ಕೊಂಡಿ, ಬಿಡಿಸುತ್ತದೆ ಎಂದರೆ ಯಾರೂ ಒಪ್ಪಿರಲಿಲ್ಲ. ಹತ್ತಿ ದಾರಕ್ಕೆ ಸ್ವಿವೆಲ್ ತಿರುಗಿಸುವಷ್ಟು ಕಸುವೆಲ್ಲಿ ಎನ್ನುತ್ತಿದ್ದರು. ಈಗ 16 ಕಾರ್ಡಿನ ಒಂದೂವರೆ ಮೀಟರ್ ಪಟ್ಟಿಯನ್ನು ಒಂದೇ ದಿಕ್ಕಿನಲ್ಲಿ ತಿರುಗಿಸಿ ಮುಗಿಸುತ್ತೇನೆ. ಹುರಿ ಬಿಡಿಸಲು ಹಿಂದಕ್ಕೆ ತಿರುಗಿಸಬೇಕಿಲ್ಲ, ಹಾಗಾಗಿ ಚಿತ್ತಾರ ಎಲ್ಲೂ ತಿರುಗುಮುರುಗು ಆಗುವುದಿಲ್ಲ.

ದುಡ್ಡು ಹೋದದ್ದು ದಾರಕ್ಕೇ. ಅಕ್ರಿಲಿಕ್ ಉಲ್ಲನ್ನಿಗೆ ಸುಮಾರು 300 ರೂಪಾಯಿ ಸುರಿದೆ. ಪಕ್ಕದ ಎಳೆಗಳು ಉಜ್ಜಿಕೊಂಡು ಜುಂಗೆದ್ದವು, ಹಾಸು (ಉದ್ದಕ್ಕೆ ಬಿಗಿದ ಎಳೆಗಳು) ಹೊಕ್ಕು (ಅಡ್ಡ ಎಳೆ) ಹಾಯಲು ಬಾಯಿಯೇ ಬಿಡಲಿಲ್ಲ. ರೇಯಾನ್ ಹೊಳೆಯುತ್ತದೆ, ಆದರೆ ಗಂಟು ಜಾರುತ್ತದೆ, ತೇವಕ್ಕೆ ಬಲ ಕಳೆದುಕೊಳ್ಳುತ್ತದೆ. ಕಾರವಾರದ ಮಳೆಗಾಲಕ್ಕೆ ಅದು ಬೇಡವೇ ಬೇಡ. ನೈಲಾನ್ ಬಲೆ ದಾರವನ್ನೂ ಹಾಸು ಮಾಡಿ ನೋಡಿದೆ. ಎಳೆದಾಗ ಹಿಗ್ಗುತ್ತದೆ, ಬಿಟ್ಟ ಕೂಡಲೇ ಕುಗ್ಗಿ ಪಟ್ಟಿ ನೆರಿಗೆಗಟ್ಟುತ್ತದೆ.

ಕೊನೆಗೆ ಕೈಹಿಡಿದದ್ದು ಮರ್ಸರೈಸ್ಡ್ (ಕಾಸ್ಟಿಕ್ ಸೋಡಾದಲ್ಲಿ ಹದಮಾಡಿ ಹೊಳಪು ಬರಿಸಿದ) ಕ್ರೋಶಾ ಹತ್ತಿ, ದಪ್ಪದಲ್ಲಿ 10 ನಂಬರಿನದು. ಕೊಳ್ಳುವ ಮೊದಲು ಒಂದೆಳೆ ಬಿಗಿಹಿಡಿದು ಉಗುರಿನಿಂದ ಇಪ್ಪತ್ತು ಸಲ ಹಿಂದೆಮುಂದೆ ಕೆರೆಯಿರಿ. ಎಳೆಯ ಮೈ ನುಣುಪಾಗೇ ಉಳಿದರೆ ತಗೊಳ್ಳಿ. ಸಣ್ಣ ಸಣ್ಣ ನಾರು ನಿಮಿರಿ ನಿಂತರೆ ಎಷ್ಟೇ ಅಗ್ಗವಿದ್ದರೂ ಬಿಡಿ. 16 ಕಾರ್ಡಿಗೆ 64 ಎಳೆ, ಒಂದೊಂದೂ ಎರಡೂಕಾಲು ಮೀಟರ್. ಒಟ್ಟು 144 ಮೀಟರ್, ತೂಕ ಹೆಚ್ಚುಕಮ್ಮಿ 26 ಗ್ರಾಂ. ಪ್ರತಿ ಎಳೆಯಲ್ಲಿ ಅರ್ಧ ಮೀಟರ್ ತುದಿಗಳಿಗೆ ಹೋಗುತ್ತದೆ, ಉಳಿದದ್ದರಲ್ಲಿ ನೂರಕ್ಕೆ ಹನ್ನೆರಡರಷ್ಟು ನೇಯ್ಗೆ ನುಂಗುತ್ತದೆ. ಹೊಕ್ಕಿಗೆ ಅಂಚಿನ ಕಾರ್ಡಿನ ಬಣ್ಣವೇ ಇರಲಿ.

ಅಕ್ಕಿ ಗಂಜಿಯನ್ನೂ ಹಚ್ಚಿ ನೋಡಿದ್ದೆ. ಬೇಸಿಗೆಯಲ್ಲಿ ದಾರ ನುಣುಪಾಯಿತು, ಜೂನ್‌ನಲ್ಲಿ ಬೂಸ್ಟು ಹಿಡಿಯಿತು. ಇಸ್ಪೀಟು ಎಲೆಯ ಕಾರ್ಡುಗಳೂ ಅದೇ ತೇವಕ್ಕೆ ಉಬ್ಬಿದವು. ಈಗ ಹಾಲಿನ ಟೆಟ್ರಾಪ್ಯಾಕ್ ಕತ್ತರಿಸಿ 6 ಸೆಂ.ಮೀ. ಚೌಕ ಮಾಡುತ್ತೇನೆ, ಮೂಲೆ ಉರುಟು ಮಾಡಿ, ಅಂಚಿನಿಂದ 1 ಸೆಂ.ಮೀ. ಒಳಗೆ 6 ಮಿ.ಮೀ. ತೂತು.

ಜೋಡಣೆ ಹೀಗೆ: ಹಾಸಿನ ಒಂದು ತುದಿ ಸೊಂಟದ ಪಟ್ಟಿಗೆ. ಇನ್ನೊಂದು ತುದಿಯಲ್ಲಿ ಪ್ರತಿ ಕಾರ್ಡಿನ ನಾಲ್ಕು ಎಳೆ ಸೇರಿಸಿ ಒಂದು ಸ್ವಿವೆಲ್‌ಗೆ. ಸ್ವಿವೆಲ್‌ನಿಂದ ಬಲೆ ದಾರ ಕಿಟಕಿಯ ಅಡ್ಡಸರಳಿನ ಮೇಲೆ ಹಾದು, ಕೆಳಗೆ ಸುಮಾರು 150 ಗ್ರಾಂ ನೀರಿನ ಬಾಟಲಿ. ಹಾಸಾಗಿ ಸೋತ ಬಲೆ ದಾರಕ್ಕೆ ಇದೇ ಸರಿಯಾದ ಜಾಗ. ಸ್ವಿವೆಲ್ ಸರಳಿನ ಈಚೆಗೇ ಇರಬೇಕು. ಆಚೆ ಕಟ್ಟಿದರೆ ಹುರಿ ಸರಳಿನ ಬಾಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ನಾನು ಅಲ್ಲೇ ಎರಡು ಹಾಸು ಕೆಡಿಸಿದೆ. ಐದಾರು ರೂಪಾಯಿಯ ಸಾದಾ ಸ್ವಿವೆಲ್ ಬಿಗಿಯಾಗಿ ನಿಂತುಬಿಡುತ್ತದೆ. ಬಾಲ್ ಬೇರಿಂಗಿನದು ದುಬಾರಿ, ಆದರೆ ಅದೊಂದೇ ತಿರುಗುತ್ತದೆ. ಬಾಟಲಿಗಳನ್ನು ಎರಡು ಎತ್ತರದಲ್ಲಿ ತೂಗಿಸಿ, ಇಲ್ಲದಿದ್ದರೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಅಂಚಿನ ಕಾರ್ಡುಗಳಿಗೆ ನಾನು ಬೇರೆ ತೂಕ ಇಡುತ್ತೇನೆ. ಎಷ್ಟು ಎಂಬುದು ನನ್ನಲ್ಲೇ ಇರಲಿ.

ಒಂದು ಕಾರ್ಡಿಗೆ ಎಳೆ ಒಂದು ಮುಖದಿಂದ (ಎಸ್), ಮುಂದಿನದಕ್ಕೆ ಎದುರು ಮುಖದಿಂದ (ಝಡ್), ಹೀಗೆ ಪೋಣಿಸದಿದ್ದರೆ ಪಟ್ಟಿ ಸುರುಳಿಯಾಗುತ್ತದೆ. ಹೊಕ್ಕು ಹಾಕಿದಾಗ ಅಂಚಲ್ಲಿ ಚಿಕ್ಕ ಕುಣಿಕೆ ಬಿಡಿ, ಕಾರ್ಡು ತಿರುಗಿಸಿ ಬಡಿದ ಮೇಲೆ ಎಳೆಯಿರಿ, ಅಗಲ ಒಂದೇ ಸಮ ಬರುತ್ತದೆ. ನೇಯ್ದದ್ದನ್ನು ಸೊಂಟಕ್ಕೆ ಸುತ್ತಿದಂತೆ ಬಾಟಲಿಗಳು ಮೇಲೇರುತ್ತವೆ. ಸರಳಿಗೆ ಒಂದು ಗೇಣು ಉಳಿದಾಗ ಬಲೆ ದಾರ ಬಿಚ್ಚಿ, ಉದ್ದ ಬಿಟ್ಟು ಮತ್ತೆ ಕಟ್ಟಬೇಕು.