ರಿಸ್ಕ್-ಫೈವ್ ಪ್ರೊಸೆಸರಿಗೆ ವಿ8 ಎಂಜಿನ್: ಪೋರ್ಟಿಂಗಿನ ನನ್ನ ಅನುಭವ

ಕ್ರೋಮ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ಎಂಜಿನ್ ವಿ8; ಅದನ್ನು ರಿಸ್ಕ್-ಫೈವ್ ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್ಟಿನ ಪ್ರೊಸೆಸರಿನಲ್ಲಿ ಓಡುವಂತೆ ಮಾಡುವುದೇ ಈ ಪೋರ್ಟಿಂಗ್. ಮೊದಲು ಇಂಟರ್ಪ್ರಿಟರ್ (ಕೋಡನ್ನು ಹೆಜ್ಜೆಹೆಜ್ಜೆಯಾಗಿ ಓಡಿಸುವ ಭಾಗ) ಓಡಲಿ, ಜಿಟ್ ಕಂಪೈಲರನ್ನು (ಓಡುವಾಗಲೇ ಮೆಷಿನ್ ಕೋಡ್ ಮಾಡುವ ಭಾಗ) ಆಮೇಲೆ ನೋಡೋಣ ಅಂದುಕೊಂಡು ವಿ8ಕ್ಕೆ ಕೈ ಹಾಕಿದರೆ ಕೆಲಸ ಮುಂದೆ ಸಾಗುವುದಿಲ್ಲ. ಅದರ ಇಂಟರ್ಪ್ರಿಟರ್ ಆದ ಇಗ್ನಿಷನ್‌ನಲ್ಲಿ ಪ್ರತಿ ಬೈಟ್‌ಕೋಡಿನ ಹ್ಯಾಂಡ್ಲರೂ (ಆ ಆದೇಶವನ್ನು ನಡೆಸುವ ತುಣುಕು) ಜಿಟ್ ಕಂಪೈಲರ್ ಆದ ಟರ್ಬೋಫ್ಯಾನಿನ ಬ್ಯಾಕೆಂಡಿನ ಮೂಲಕವೇ ಮೆಷಿನ್ ಕೋಡ್ ಆಗುತ್ತದೆ. 1+1 ಲೆಕ್ಕ ಹಾಕಬೇಕಾದರೂ ಅಸೆಂಬ್ಲರ್, ಮ್ಯಾಕ್ರೋ ಅಸೆಂಬ್ಲರ್, ಇನ್‌ಸ್ಟ್ರಕ್ಷನ್ ಸೆಲೆಕ್ಟರ್, ಕೋಡ್ ಜನರೇಟರ್, ಕೈಯಲ್ಲೇ ಬರೆಯಬೇಕಾದ ಬಿಲ್ಟ್-ಇನ್‌ಗಳು ಎಲ್ಲವೂ ಇರಬೇಕು. ಹಾಗಾಗಿ ಮೊದಲ ಗುರಿ ಸ್ಕ್ರಿಪ್ಟ್ ಓಡಿಸುವುದಲ್ಲ, ಬಿಲ್ಡಿನ ನಡುವೆ ಬರುವ ಎಂಕೆ-ಸ್ನ್ಯಾಪ್‌ಶಾಟ್ ಹಂತ (ಈ ಬಿಲ್ಟ್-ಇನ್‌ಗಳನ್ನೆಲ್ಲ ಮೊದಲೇ ತಯಾರಿಸಿಡುವ ಹಂತ) ಕ್ರ್ಯಾಶ್ ಆಗದೆ ಮುಗಿಯುವುದು.

64 ಬಿಟ್ ರಿಸ್ಕ್-ಫೈವ್‌ಗೆ ಬುನಾದಿಯಾಗಿ ವಿ8ರಲ್ಲಿರುವ ಮಿಪ್ಸ್64 ಎಂಬ ಇನ್ನೊಂದು ಪ್ರೊಸೆಸರಿನ ಫೋಲ್ಡರುಗಳನ್ನು ನಕಲು ಮಾಡಿಕೊಳ್ಳುವುದೇ ಸರಿ. ಆರ್ಮ್64 ಕೋಡ್ ನೋಡಲು ಅಚ್ಚುಕಟ್ಟಾಗಿದ್ದರೂ ಕಂಡಿಷನ್ ಫ್ಲ್ಯಾಗ್ (ಹಿಂದಿನ ಲೆಕ್ಕದ ಫಲಿತ ಹೇಗಿತ್ತೆಂದು ನೆನಪಿಡುವ ಬಿಟ್) ಇದೆ ಎಂಬ ನಂಬಿಕೆ ಅದರ ಸಾಲುಸಾಲಿನಲ್ಲೂ ಕೂತಿದೆ. ಮಿಪ್ಸ್‌ನಲ್ಲೂ ರಿಸ್ಕ್-ಫೈವ್‌ನಲ್ಲೂ ಅಂಥ ಫ್ಲ್ಯಾಗ್ ಇಲ್ಲ.

ರಿಸ್ಕ್-ಫೈವ್ ಬೋರ್ಡ್ ಕೈಗೆ ಬರುವವರೆಗೆ ಕಾಯಬೇಕಿಲ್ಲ. ಬಿಲ್ಡ್ ಸಂರಚನೆಯಲ್ಲಿ ಟಾರ್ಗೆಟ್ ಸಿಪಿಯು ಎಕ್ಸ್64 (ಮಾಮೂಲಿ ಪಿಸಿಯದು), ವಿ8ರ ಟಾರ್ಗೆಟ್ ಸಿಪಿಯು ರಿಸ್ಕ್-ಫೈವ್64 ಎಂದು ಕೊಟ್ಟರೆ ಜಿಟ್ ರಿಸ್ಕ್-ಫೈವ್ ಕೋಡನ್ನೇ ಹೊರಹಾಕುತ್ತದೆ; ಅದನ್ನು ಎಂಜಿನ್ನಿನೊಳಗಿನ ಸಿ++ ಸಿಮ್ಯುಲೇಟರ್ ಓಡಿಸುತ್ತದೆ. ಆ ಸಿಮ್ಯುಲೇಟರನ್ನೂ ನಾವೇ ಬರೆಯಬೇಕು. ಇಲ್ಲಿ ಒಂದು ಅಪಾಯವಿದೆ: ಒಂದು ಇನ್‌ಸ್ಟ್ರಕ್ಷನ್ನಿನ ಎನ್‌ಕೋಡಿಂಗನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅಸೆಂಬ್ಲರಿನಲ್ಲೂ ಸಿಮ್ಯುಲೇಟರಿನಲ್ಲೂ ಅದೇ ತಪ್ಪು ಕೂತು, ಟೆಸ್ಟ್ ಪಾಸಾಗಿಬಿಡುತ್ತದೆ. ಆದ್ದರಿಂದ ಅಸೆಂಬ್ಲರ್ ಹೊರಹಾಕುವ ಬೈಟುಗಳನ್ನು, ಅವುಗಳಿಂದ ಇನ್‌ಸ್ಟ್ರಕ್ಷನ್ ಓದಿ ತೋರಿಸುವ ಗ್ನೂ ಆಬ್ಜ್‌ಡಂಪ್‌ನಿಂದ ಬಿಡಿಸಿ ಹೋಲಿಸಿಯೇ ಮುಂದುವರಿಯಬೇಕು.

ಅತಿ ಹೆಚ್ಚು ದಿನ ತಿನ್ನುವುದು 32 ಬಿಟ್ ಸಂಖ್ಯೆಗಳು. ಎಕ್ಸ್64, ಆರ್ಮ್64 ಎರಡರಲ್ಲೂ 32 ಬಿಟ್ ಲೆಕ್ಕದ ಫಲಿತ ರಿಜಿಸ್ಟರಿಗೆ ಬಂದಾಗ ಮೇಲಿನ 32 ಬಿಟ್ ಸೊನ್ನೆ. ರಿಸ್ಕ್-ಫೈವ್64ರಲ್ಲಿ ಚಿಹ್ನೆಯ ಬಿಟ್ ಮೇಲಕ್ಕೆ ಹರಡುತ್ತದೆ, ಅನ್‌ಸೈನ್ಡ್ ಆದರೂ ಅಷ್ಟೇ. ಜೊತೆಗೆ 32 ಬಿಟ್ಟಿಗೆ ಬೇರೆ ಹೋಲಿಕೆಯ ಇನ್‌ಸ್ಟ್ರಕ್ಷನ್ನೇ ಇಲ್ಲ, ಬ್ರಾಂಚ್ ಇಡೀ 64 ಬಿಟ್ಟನ್ನೂ ಹೋಲಿಸುತ್ತದೆ. ಎಲ್ಲೋ ಒಂದು ಕಡೆ ಸೊನ್ನೆ ತುಂಬಿದ ಮೌಲ್ಯ ನುಸುಳಿದರೆ, ಸಮವಿರುವ ಎರಡು ಸಂಖ್ಯೆ ಸಮವಲ್ಲ ಎಂದು ಬರುತ್ತದೆ. ಅದೂ 31ನೇ ಬಿಟ್ 1 ಇದ್ದಾಗ ಮಾತ್ರ. ಸಣ್ಣ ಸಂಖ್ಯೆಗಳ ಟೆಸ್ಟುಗಳಲ್ಲಿ ಇದು ಸಿಕ್ಕುವುದೇ ಇಲ್ಲ. ಹ್ಯಾಶ್ ಲೆಕ್ಕದಲ್ಲಿ, ಅರೇ ಉದ್ದದ ಪರೀಕ್ಷೆಯಲ್ಲಿ ತಲೆ ಎತ್ತುತ್ತದೆ. ಅನ್‌ಸೈನ್ಡ್ 32ರಿಂದ 64ಕ್ಕೆ ಬದಲಿಸುವ ಕಡೆ ಎಕ್ಸ್64, ಆರ್ಮ್64 ಬ್ಯಾಕೆಂಡುಗಳು ಹಲವೆಡೆ ಏನೂ ಮಾಡದೆ ಬಿಟ್ಟಿರುತ್ತವೆ. ಮೂಲ ರಿಸ್ಕ್-ಫೈವ್‌ನಲ್ಲಿ 32 ಎಡಕ್ಕೆ, 32 ಬಲಕ್ಕೆ ಎಂದು ಎರಡು ಶಿಫ್ಟ್ ಹಾಕಲೇಬೇಕು.

ಓವರ್‌ಫ್ಲೋ ಫ್ಲ್ಯಾಗ್ (ಫಲಿತ 32 ಬಿಟ್ಟಿಗೆ ಹಿಡಿಸಲಿಲ್ಲ ಎಂದು ತಿಳಿಸುವ ಬಿಟ್) ಇಲ್ಲದ್ದಕ್ಕೆ ದಾರಿ ಸರಳ. 32 ಬಿಟ್ ಕೂಡಿಕೆಯನ್ನು 64 ಬಿಟ್ಟಿನಲ್ಲಿ ಒಮ್ಮೆ, 32 ಬಿಟ್ಟಿನಲ್ಲಿ ಒಮ್ಮೆ ಮಾಡಿ, ಎರಡೂ ಬೇರೆಯಾದರೆ ಓವರ್‌ಫ್ಲೋ.

ಜಂಪ್ ತಲುಪುವ ದೂರದ ಲೆಕ್ಕ ಇಷ್ಟು ಸರಳವಲ್ಲ. ಷರತ್ತಿನ ಬ್ರಾಂಚ್ ಹಿಂದೆಮುಂದೆ 4 ಕೆಬಿ ಮಾತ್ರ ತಲುಪುತ್ತದೆ, ಷರತ್ತಿಲ್ಲದ ಜಂಪ್ 1 ಎಂಬಿ. ದೊಡ್ಡ ಫಂಕ್ಷನ್ನಿನಲ್ಲಿ 4 ಕೆಬಿ ಯಾವುದಕ್ಕೂ ಸಾಲದು. ಅದಕ್ಕಾಗಿ ಅಸೆಂಬ್ಲರ್ ಕೋಡಿನ ನಡುವೆ ಟ್ರ್ಯಾಂಪೊಲಿನ್ ಎಂಬ ಜಂಪುಗಳ ಗುಂಪನ್ನು ತಾನಾಗಿ ಸೇರಿಸುತ್ತದೆ. ಆದರೆ ಗಾತ್ರ ಇಷ್ಟೇ ಎಂದು ನಂಬಿದ ಜಾಗದಲ್ಲಿ ಅದು ಬಿದ್ದರೆ ಕೆಟ್ಟಿತು. ನಾನು ಪೋರ್ಟ್ ಮಾಡುವಾಗ ವಿ8ರ ಡೀಆಪ್ಟಿಮೈಸೇಷನ್ ನಿರ್ಗಮನಗಳೆಲ್ಲ (ವೇಗದ ಕೋಡನ್ನು ಬಿಟ್ಟು ಇಂಟರ್ಪ್ರಿಟರಿಗೆ ಮರಳುವ ಜಾಗಗಳು) ಒಂದೇ ಅಳತೆಯವು. ಹಿಂದಿರುಗುವ ವಿಳಾಸದಿಂದಲೇ ಅದು ಎಷ್ಟನೆಯದೆಂದು ಎಣಿಸುತ್ತಿದ್ದುದು. ನಡುವೆ ಟ್ರ್ಯಾಂಪೊಲಿನ್ ಬಂದರೆ ಎಣಿಕೆ ಜಾರಿ, ಬೇರೆ ಯಾವುದೋ ಫ್ರೇಮಿನ ವಿವರ ಹಿಡಿದು ಎಂಜಿನ್ ಮುಂದುವರಿಯುತ್ತದೆ. ಅಂಥ ಪ್ರತಿ ತುಣುಕನ್ನೂ ಟ್ರ್ಯಾಂಪೊಲಿನ್ ತಡೆಯುವ ಸ್ಕೋಪಿನೊಳಗೆ ಇಡಬೇಕು. 32 ಬಿಟ್ ವಿಳಾಸವನ್ನು ಮೇಲಿನ 20, ಕೆಳಗಿನ 12 ಬಿಟ್ ಎಂದು ಸೀಳುವಾಗಲೂ ಇಂಥದೇ ಎಚ್ಚರ ಬೇಕು: ಕೆಳಗಿನ 12 ಬಿಟ್ಟಿಗೆ ಚಿಹ್ನೆ ಇರುವುದರಿಂದ ಸೀಳುವ ಮೊದಲು 2048 ಕೂಡಿಸಿಯೇ ಮೇಲಿನ ಭಾಗ ತೆಗೆಯಬೇಕು. ಮರೆತರೆ, ಆ 12ರಲ್ಲಿ ಅತಿ ಮೇಲಿನ ಬಿಟ್ 1 ಇದ್ದಾಗ ವಿಳಾಸ ಸರಿಯಾಗಿ 4096 ಬೈಟು ಹಿಂದೆ ಬೀಳುತ್ತದೆ. ಆ ಸಂಖ್ಯೆ ಡೀಬಗ್ಗರಿನಲ್ಲಿ ಕಂಡರೆ ಬೇರೆಲ್ಲೂ ಹುಡುಕಬೇಡಿ.

ದಶಮಾಂಶದ ಲೆಕ್ಕದಲ್ಲಿ ಜಾವಾಸ್ಕ್ರಿಪ್ಟ್ ಕೇಳುವುದೇ ಒಂದು, ಪ್ರೊಸೆಸರ್ ಕೊಡುವುದೇ ಒಂದು. ಹೋಲಿಸುವ ಎರಡರಲ್ಲಿ ಒಂದು ನ್ಯಾನ್ (ಸಂಖ್ಯೆಯೇ ಅಲ್ಲದ ಫಲಿತ) ಆದರೆ, ಕಿರಿಯದನ್ನು ಆರಿಸುವ ರಿಸ್ಕ್-ಫೈವ್‌ನ ಎಫ್‌ಮಿನ್ ಇನ್ನೊಂದು ಸಂಖ್ಯೆಯನ್ನು ಕೊಡುತ್ತದೆ, ಜಾವಾಸ್ಕ್ರಿಪ್ಟಿನ ಮ್ಯಾಥ್.ಮಿನ್ ನ್ಯಾನನ್ನೇ ಕೊಡಬೇಕು. ನ್ಯಾನನ್ನು ಪೂರ್ಣಾಂಕ ಮಾಡಿದರೆ ಎಕ್ಸ್64 ಅತಿ ಕಿರಿಯ ಸಂಖ್ಯೆ ಕೊಟ್ಟರೆ ಇದು ಅತಿ ಹಿರಿಯದನ್ನು ಕೊಡುತ್ತದೆ. ವಿಫಲವಾಯಿತೇ ಎಂದು ಫಲಿತ ನೋಡಿ ಊಹಿಸುವುದಕ್ಕಿಂತ ಎಫ್‌ಫ್ಲ್ಯಾಗ್ಸ್ ರಿಜಿಸ್ಟರಿನ (ದಶಮಾಂಶ ಲೆಕ್ಕದ ತಪ್ಪುಗಳನ್ನು ಗುರುತಿಡುವಂಥದು) 4ನೇ ಬಿಟ್, ಸೊನ್ನೆಯಿಂದ ಎಣಿಸಿ, ನೋಡುವುದು ಭದ್ರ. ಒಮ್ಮೆ ಏರಿದ ಬಿಟ್ ತಾನಾಗಿ ಇಳಿಯದು, ಮೊದಲೇ ಅಳಿಸಿಕೊಳ್ಳಿ. ಮೂಲ ರಿಸ್ಕ್-ಫೈವ್‌ನಲ್ಲಿ ಫ್ಲೋರ್ ಇನ್‌ಸ್ಟ್ರಕ್ಷನ್ ಇಲ್ಲದ್ದರಿಂದ ಪೂರ್ಣಾಂಕ ಮಾಡಿ ವಾಪಸ್ ತರಬೇಕು, ಆ ಹಾದಿಯಲ್ಲಿ ಋಣ ಸೊನ್ನೆಯ ಚಿಹ್ನೆ ಕಳೆದುಹೋಗುತ್ತದೆ. ಚಿಹ್ನೆಯನ್ನು ಮೂಲ ಸಂಖ್ಯೆಯಿಂದ ಮತ್ತೆ ಅಂಟಿಸಬೇಕು. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಟ್ರ್ಯಾಪ್ (ಪ್ರೊಸೆಸರ್ ತಡೆದು ತಪ್ಪು ತಿಳಿಸುವುದು) ಕೂಡ ಬರುವುದಿಲ್ಲ, ಭಾಗಲಬ್ಧ -1 ಬರುತ್ತದೆ. ವೆಬ್‌ಅಸೆಂಬ್ಲಿಗೆ ಟ್ರ್ಯಾಪ್ ಬರಲೇಬೇಕಾದ್ದರಿಂದ ಆ ಪರೀಕ್ಷೆಯನ್ನು ನಾವೇ ಬರೆಯಬೇಕು.

ಸಿಮ್ಯುಲೇಟರಿನಲ್ಲಿ ಎಲ್ಲ ಟೆಸ್ಟೂ ಪಾಸಾದ ಮೇಲೂ ಬೋರ್ಡಿನಲ್ಲಿ ಬೀಳುವ ದೋಷ ಒಂದಿದೆ. ಹೊಸ ಕೋಡ್ ಬರೆದ ಮೇಲೆ ಇನ್‌ಸ್ಟ್ರಕ್ಷನ್ ಕ್ಯಾಶ್ ತೊಳೆಯಬೇಕು. ಅದಕ್ಕೆಂದು ಇರುವ ಇನ್‌ಸ್ಟ್ರಕ್ಷನ್ ಫೆನ್ಸ್.ಐ ತಾನು ಓಡಿದ ಕೋರಿಗಷ್ಟೇ ಅನ್ವಯ. ಥ್ರೆಡ್ಡನ್ನು ಕರ್ನಲ್ ಬೇರೆ ಕೋರಿಗೆ ದಾಟಿಸಿದರೆ ಅಲ್ಲಿ ಹಳೆಯ ಕೋಡೇ ಓಡಬಹುದು. ಲಿನಕ್ಸ್ ಇದಕ್ಕೆಂದೇ ಕೊಟ್ಟಿರುವ 259ನೇ ಸಿಸ್ಟಂ ಕಾಲನ್ನೇ ಬಳಸಬೇಕು. ಕ್ಯೂಎಮು ಎಂಬ ಎಮ್ಯುಲೇಟರಿನಲ್ಲೂ ಈ ದೋಷ ಕಾಣದು, ಬದಲಾದ ಕೋಡನ್ನು ಅದು ತಾನೇ ಗುರುತಿಸಿ ಮತ್ತೆ ಅನುವಾದಿಸುತ್ತದೆ. ಬೋರ್ಡಿನಲ್ಲಿ ಹತ್ತು ಸಲಕ್ಕೊಮ್ಮೆ ಬಿದ್ದು, ಪ್ರಕ್ರಿಯೆಯನ್ನು ಟಾಸ್ಕ್‌ಸೆಟ್‌ನಿಂದ ಒಂದೇ ಕೋರಿಗೆ ಕಟ್ಟಿದಾಗ ಬೀಳದಿದ್ದರೆ, ಮೊದಲು ನೋಡಬೇಕಾದದ್ದು ಆ ಸಿಸ್ಟಂ ಕಾಲನ್ನು.